ಒತ್ತೆಯಾಳಿನ ಕಥೆ ಬರೆಯೋರಿಗೆ: ಬಂದೂಕು ಎಲ್ಲಿಂದ ಬಂತು?

ನಮ್ಮ ಕಡೆ ಹುಡುಗರು ಬರೆಯೋ ಥ್ರಿಲ್ಲರ್‌ಗಳಲ್ಲಿ ಮೂರನೇ ಸೀನಿಗೆ ನಾಯಕ ಸೊಂಟದಿಂದ ಪಿಸ್ತೂಲು ತೆಗೀತಾನೆ, ಐದನೇ ಸೀನಿಗೆ ಹತ್ತು ಜನರನ್ನ ನೆಲದ ಮೇಲೆ ಕೂರಿಸಿರ್ತಾನೆ. ಅದು ಯಾವ ಬಂದೂಕು, ಯಾರ ಹೆಸರಲ್ಲಿದೆ, ತೋಟಾ ಎಷ್ಟಿದೆ, ಒಂದೂ ಹೇಳಿರಲ್ಲ. ಅಮೆರಿಕದ ಕಥೆಯಾದರೆ ನಡೆದೀತು, ಅಲ್ಲಿ ಅಂಗಡಿಗೆ ಹೋದರೆ ಸಿಗುತ್ತೆ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರದಲ್ಲಿ ಬಂದೂಕಿಗಿಂತ ಮುಂಚೆ ಕಾಗದ ಬರುತ್ತೆ. ಮಗಳನ್ನ ಕಳಕೊಂಡ ಅಪ್ಪ ಸೇಡಿಗೆ ಹೊರಡೋ ಕಥೆ ನಮ್ಮೂರಲ್ಲಿ ನಿಲ್ಲಬೇಕಾದರೆ ಆ ಕಾಗದದ ಮೇಲೇ ನಿಲ್ಲಬೇಕು.

‘ಒತ್ತೆ’ ಅನ್ನೋ ಮಾತನ್ನೇ ಮೊದಲು ನೋಡಿ. ಒಡವೆ ಒತ್ತೆ ಇಡ್ತೀವಿ, ಅಂದರೆ ಬಿಡಿಸಿಕೊಳ್ಳೋದಕ್ಕೆ ಅಂತ ಇಡ್ತೀವಿ. ಕನ್ನಡದವರಿಗೆ ಒತ್ತೆಯಾಳು ಅಂದ ಕೂಡಲೇ ನೆನಪಾಗೋದು 2000ದ ಜುಲೈ 30ರ ರಾತ್ರಿ. ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನ ವೀರಪ್ಪನ್ ಕಾಡಿಗೆ ಕರಕೊಂಡು ಹೋದದ್ದು, 108 ದಿನ, ಕ್ಯಾಸೆಟ್‌ನಲ್ಲಿ ಬರ್ತಿದ್ದ ಬೇಡಿಕೆ, ನಡುವೆ ಓಡಾಡಿದ ಪತ್ರಕರ್ತ ನಕ್ಕೀರನ್ ಗೋಪಾಲ್. ಅದು ಅಚ್ಚುಕಟ್ಟಾದ ಒತ್ತೆ: ಟಾಡಾ ಕೈದಿಗಳನ್ನ ಬಿಡಿ, ಪ್ರತಿಮೆ ನಿಲ್ಲಿಸಿ, ಇವರನ್ನ ಬಿಡ್ತೀನಿ. ಈ ಕಡೆ ಒಂದು ವಸ್ತು, ಆ ಕಡೆ ಒಂದು ವಸ್ತು.

ಸತ್ತ ಮಗಳ ಅಪ್ಪನಿಗೆ ಬಿಡಿಸಿಕೊಳ್ಳೋಕೆ ಏನಿದೆ? ಸಂಧಾನದ ಕೆಲಸ ಕಲಿಸೋರು ಇಲ್ಲೇ ಗೆರೆ ಎಳೀತಾರೆ. ಕೆಲವರು ಏನೋ ಬೇಕು ಅಂತ ಆಳು ಹಿಡೀತಾರೆ, ದುಡ್ಡು, ಗಾಡಿ, ಬಿಡುಗಡೆ. ಇನ್ನು ಕೆಲವರಿಗೆ ತಮ್ಮ ಸಂಕಟ ಒಬ್ಬರ ಕಿವಿಗೆ ಬೀಳಬೇಕಾಗಿರುತ್ತೆ. ಎರಡನೇ ಬಗೆಯವರ ಜೊತೆ ಚೌಕಾಸಿ ನಡೆಯಲ್ಲ, ‘ಎಷ್ಟು ಬೇಕು’ ಅಂತ ಕೇಳಿದರೇ ಕೆಡುತ್ತೆ. ನಮ್ಮ ಸ್ಕ್ರಿಪ್ಟ್‌ಗಳಲ್ಲಿ ದುಃಖದವನ ಬಾಯಲ್ಲಿ ದುಡ್ಡಿನವನ ಡೈಲಾಗ್ ಇಡ್ತಾರೆ. ಒಂದು ಗಂಟೆಯಲ್ಲಿ ಹೆಲಿಕಾಪ್ಟರ್ ಅಂತೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಹೆಲಿಕಾಪ್ಟರ್ ಎಲ್ಲಿ ಇಳೀಬೇಕು ಸ್ವಾಮಿ?

ಹಾಗಾಗಿ ಒಂದು ಕಥೆ ಕಟ್ಟಿಯೇ ನೋಡೋಣ. ಊರು ಕೆಜಿಎಫ್. ಆತ ಗಣಿಯ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದವನು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ವಯಸ್ಸು ಮೂವತ್ತು ಚಿಲ್ಲರೆ. ಆಮೇಲೆ ಸಣ್ಣದೊಂದು ಲೇಥ್ ಇಟ್ಟುಕೊಂಡವನು. ಮಗಳು ಮಾರಿಕುಪ್ಪಂ ರೈಲು ಹತ್ತಿ ದಿನಾ ಬೆಂಗಳೂರಿಗೆ ಹೋಗಿ ಬರ್ತಿದ್ದವಳು. ಒಂದು ಬೆಳಿಗ್ಗೆ ಎಟಿಎಂ ಮುಂದೆ ನಿಂತಿದ್ದಾಳೆ. ದುಡ್ಡು ತುಂಬೋ ವ್ಯಾನ್ ಬಂದಿದೆ. ಗನ್‌ಮ್ಯಾನ್ ಶಟರ್ ಎತ್ತೋದಕ್ಕೆ ಕೈ ಕೊಡೋಣ ಅಂತ ಜೋಡುನಳಿಗೆ ಬಂದೂಕನ್ನ ಗೋಡೆಗೆ ಒರಗಿಸ್ತಾನೆ. ಅದು ಜಾರಿ ಬೀಳುತ್ತೆ. ಒಂದು ನಳಿಗೆ ಹಾರುತ್ತೆ.

ಗುಂಡು ಹಾರಿಸಿದ ಖಳ ಇಲ್ಲ. ನನ್ನ ಲೆಕ್ಕದಲ್ಲಿ ಕಥೆಗೆ ಇದೇ ಬಲ. ಗನ್‌ಮ್ಯಾನ್ ‘ಸೇಫ್ಟಿ ಹಾಕಿದ್ದೆ ಸಾರ್’ ಅಂತಾನೆ, ಅದು ನಿಜವೂ ಹೌದು. 12 ಬೋರ್ ಜೋಡುನಳಿಗೆಯ ಒಳಗೆ ಹ್ಯಾಮರ್ ಸ್ಪ್ರಿಂಗಿನ ಒತ್ತಡದಲ್ಲಿ ಕಾದು ಕೂತಿರುತ್ತೆ. ಅದನ್ನ ಹಿಡಿದಿರೋದು ಸಿಯರ್ ಅನ್ನೋ ಸಣ್ಣ ಕೊಂಡಿ. ಕೊಂಡಿಯ ತುದಿ ಹ್ಯಾಮರಿನಲ್ಲಿರೋ ಕಚ್ಚಿಗೆ ಸಿಕ್ಕಿಕೊಂಡಿರುತ್ತೆ, ಆ ಹಿಡಿತದ ಅಂಚು ಬಹಳ ಕಿರಿದು. ಬಹುಪಾಲು ಜೋಡುನಳಿಗೆಗಳಲ್ಲಿ ಸೇಫ್ಟಿ ಬಟನ್ ಮಾಡೋದು ಟ್ರಿಗರ್ ಅಲ್ಲಾಡದಂತೆ ತಡೆಯೋ ಕೆಲಸ ಮಾತ್ರ. ಹ್ಯಾಮರನ್ನ ಅದು ಮುಟ್ಟೋದೂ ಇಲ್ಲ. ವರ್ಷಾನುಗಟ್ಟಲೆ ಬಳಸಿ ಕಚ್ಚಿನ ಅಂಚು ಸವೆದಿದ್ದರೆ, ಹಿಡಿ ನೆಲಕ್ಕೆ ಬಡಿದ ಏಟಿಗೆ ಕೊಂಡಿ ಜಿಗಿದು ಬಿಡುತ್ತೆ. ಟ್ರಿಗರ್ ಯಾರೂ ಮುಟ್ಟಬೇಕಾಗಿಲ್ಲ. ಬೆಲೆಬಾಳೋ ಕೆಲವು ಬಂದೂಕುಗಳಲ್ಲಿ ಇದನ್ನ ತಡೆಯೋಕೆ ಇನ್ನೊಂದು ಕೊಂಡಿ ಇರುತ್ತೆ, ದುಡಿಮೆಗೆ ಬರೋ ಬಂದೂಕಿನಲ್ಲಿ ಅಪರೂಪ. ಇದು ಒಬ್ಬ ಫಿಟ್ಟರ್‌ಗೆ ಎರಡು ನಿಮಿಷದಲ್ಲಿ ಅರ್ಥವಾಗೋ ವಿಷಯ. ಕಬ್ಬಿಣ ಎಲ್ಲಿ ಸವೆಯುತ್ತೆ ಅಂತ ಬದುಕೆಲ್ಲಾ ನೋಡಿದವನು. ಪಾತ್ರಕ್ಕೆ ಈ ಕಸುಬು ಕೊಟ್ಟಿರೋದೇ ಅದಕ್ಕೆ.

ಈಗ ಅವನ ಪ್ರಶ್ನೆ ಒಂದೇ: ಆ ಬಂದೂಕನ್ನ ಬಿಚ್ಚಿ ನೋಡಿದೋರು ಯಾರು?

ಇಲ್ಲಿ ನಮ್ಮ ‘ಬಂದೂಕಿನ ಉದ್ಯಮ’ ಹೇಗಿದೆ ಅಂತ ತಿಳಿದಿರಬೇಕು. ಸಿನಿಮಾದಲ್ಲಿ ಬರೋ ಹಾಗೆ ಗಾಜಿನ ಕಟ್ಟಡದಲ್ಲಿ ಕೂತ ಬಂದೂಕು ಕಂಪನಿ ಮಾಲೀಕ ನಮ್ಮ ಕಥೆಗೆ ಸಿಗಲ್ಲ. ನಾಗರಿಕರ ಕೈಗೆ ಬರೋ .32 ರಿವಾಲ್ವರ್, .315 ರೈಫಲ್‌ಗಳನ್ನ ದಶಕಗಟ್ಟಲೆ ಮಾಡಿದ್ದು ಸರ್ಕಾರದ ಆರ್ಡ್‌ನೆನ್ಸ್ ಫ್ಯಾಕ್ಟರಿಗಳೇ. 2021ರ ಅಕ್ಟೋಬರ್ 1ಕ್ಕೆ ಆ ಮಂಡಳಿಯನ್ನೇ ಬರ್ಖಾಸ್ತು ಮಾಡಿ ಏಳು ಕಂಪನಿ ಮಾಡಿದರು. ಸಣ್ಣ ಆಯುಧ ಕಾನ್ಪುರದ ಕಂಪನಿಗೆ ಹೋಯಿತು, ಮದ್ದುಗುಂಡು ಪುಣೆಯ ಕಂಪನಿಗೆ. ವಿದೇಶಿ ಬಂದೂಕಿನ ಆಮದು 1980ರ ದಶಕದ ಮಧ್ಯದಲ್ಲೇ ನಿಂತಿತು, ಹಾಗಾಗಿ ಅದಕ್ಕೂ ಹಿಂದೆ ಬಂದವು ಕೈಯಿಂದ ಕೈಗೆ ದಾಟುತ್ತಾ ಇವೆ. ಗನ್‌ಮ್ಯಾನ್‌ಗಿಂತ ಅವನ ಬಂದೂಕಿಗೆ ವಯಸ್ಸಾಗಿರುತ್ತೆ. ಮಾಡಿದ ಕಾರ್ಖಾನೆ ಇದೆಯೋ ಮುಚ್ಚಿತೋ, ಮಾರಿದ ಅಂಗಡಿ ಮೊಮ್ಮಕ್ಕಳ ಕಾಲಕ್ಕೆ ಮೊಬೈಲ್ ಅಂಗಡಿ ಆಯಿತೋ. ಸೇಡು ತೀರಿಸಿಕೊಳ್ಳೋಕೆ ಎದುರಿಗೆ ಮುಖವೇ ಇಲ್ಲ.

ದುಃಖವನ್ನೂ ಮಾರೋದು ಈ ಉದ್ಯಮಕ್ಕೆ ಗೊತ್ತಿಲ್ಲ ಅಂತೇನೂ ಇಲ್ಲ. ದೆಹಲಿಯ ಅತ್ಯಾಚಾರ ಪ್ರಕರಣ ಆಗಿ ಒಂದು ವರ್ಷಕ್ಕೆ, 2014ರ ಜನವರಿಯಲ್ಲಿ, ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ ಹೆಂಗಸರಿಗೆ ಅಂತ ಒಂದು ರಿವಾಲ್ವರ್ ತಂದಿತು. ಹೆಸರು ‘ನಿರ್ಭೀಕ್’. ತೂಕ ಅರ್ಧ ಕೆ.ಜಿ., ಬೆಲೆ 1,22,360 ರೂಪಾಯಿ. ಸತ್ತ ಹುಡುಗಿಗೆ ಪತ್ರಿಕೆಗಳು ಇಟ್ಟ ಹೆಸರಿನ ನೆರಳು ಆ ಹೆಸರಿನಲ್ಲಿ ಇದೆ. ಲಕ್ಷಕ್ಕೂ ಮೇಲೆ ಕೊಟ್ಟು ಅದನ್ನ ಕೊಳ್ಳೋ ಹೆಂಗಸು ರಾತ್ರಿ ಬಸ್ಸಿಗೆ ಕಾಯೋಳಲ್ಲ ಅನ್ನೋ ಟೀಕೆ ಆಗಲೇ ಬಂದಿತ್ತು. ನಿಮ್ಮ ಫಿಟ್ಟರ್ ಹಳೇ ಪೇಪರಿನ ತುಂಡೊಂದರಲ್ಲಿ ಈ ಸುದ್ದಿ ಓದೋ ಸೀನು ಇಡಬಹುದು. ಅವನು ಏನೂ ಹೇಳಬಾರದು, ಮಡಿಸಿ ಜೇಬಿಗಿಟ್ಟುಕೊಂಡರೆ ಸಾಕು.

ಅಮೆರಿಕದ ಕಥೆಗಳಿಂದ ಎತ್ತೋರು ಅಲ್ಲಿನ ಕಾನೂನಾದರೂ ನೆಟ್ಟಗೆ ತಿಳಿದುಕೊಳ್ಳಲಿ. 2005ರಲ್ಲಿ ಅವರು ಮಾಡಿದ ಕಾಯ್ದೆಯೊಂದು, ಬಂದೂಕನ್ನ ಬೇರೆಯವರು ಅಪರಾಧಕ್ಕೆ ಬಳಸಿದರೆ ತಯಾರಕರ ಮೇಲೆ ದಾವೆ ಹೂಡೋದನ್ನ ಹೆಚ್ಚುಕಡಿಮೆ ಮುಚ್ಚಿಹಾಕಿತು. 2025ರ ಜೂನ್‌ನಲ್ಲಿ ಮೆಕ್ಸಿಕೊ ಸರ್ಕಾರವೇ ಹೂಡಿದ್ದ ದಾವೆಯನ್ನ ಅವರ ಸುಪ್ರೀಂ ಕೋರ್ಟು ಒಮ್ಮತದಿಂದ ತಳ್ಳಿದ್ದು ಇದೇ ಕಾಯ್ದೆಯಡಿ. ಇನ್ನೂ ವಿಚಿತ್ರ ಏನಂದರೆ, ಗ್ರಾಹಕ ವಸ್ತುಗಳ ಸುರಕ್ಷತೆ ನೋಡೋ ಅಲ್ಲಿನ ಆಯೋಗಕ್ಕೆ ಆಟಿಕೆ ಬಂದೂಕನ್ನ ವಾಪಸ್ ಕರೆಸೋ ಅಧಿಕಾರ ಇದೆ, ನಿಜವಾದ ಬಂದೂಕಿನ ಮೇಲೆ ಇಲ್ಲ. ಆದರೂ ಒಂದು ಸಂದಿ ಸಿಕ್ಕಿತು. 2012ರ ಡಿಸೆಂಬರ್ 14ಕ್ಕೆ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ದೊಡ್ಡವರು ಸತ್ತರಲ್ಲ, ಅದರಲ್ಲಿ ಒಂಬತ್ತು ಮನೆಯವರು ಕೊಂದವನ ಬಂದೂಕು ಮಾಡಿದ್ದ ರೆಮಿಂಗ್‌ಟನ್ ಕಂಪನಿ ಮೇಲೆ ‘ಜಾಹೀರಾತು ಮಾಡಿದ ರೀತಿ ತಪ್ಪು’ ಅಂತ ಹೋದರು. 2022ರ ಫೆಬ್ರವರಿಯಲ್ಲಿ 7.3 ಕೋಟಿ ಡಾಲರಿಗೆ ರಾಜಿಯಾಯಿತು. ಕಂಪನಿ ಅಷ್ಟರಲ್ಲಿ ದಿವಾಳಿ, ದುಡ್ಡು ಬಂದದ್ದು ವಿಮೆ ಕಂಪನಿಗಳಿಂದ. ಕಥೆಗಾರರು ಗಮನಿಸಬೇಕಾದ ಮಾತು ಬೇರೆ ಇದೆ: ಆ ಅಪ್ಪ ಅಮ್ಮಂದಿರು ದುಡ್ಡಿನ ಜೊತೆಗೆ ಕಂಪನಿಯ ಒಳಗಿನ ಕಾಗದಪತ್ರ ಹೊರಗಿಡೋ ಹಕ್ಕನ್ನೂ ಹಿಡಿದು ಕೂತರು. ಅವರಿಗೂ ಬೇಕಾಗಿದ್ದದ್ದು ಕಡತವೇ.

ನಮ್ಮ ಫಿಟ್ಟರ್‌ನ ಕಡತ ಎಲ್ಲೆಲ್ಲಿ ಅಲೆಯುತ್ತೆ ಅಂತ ಬರೆದರೆ ಅರ್ಧ ಚಿತ್ರ ಆಯಿತು. ಗನ್‌ಮ್ಯಾನ್ ಮೇಲೆ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) 106(1), ನಿರ್ಲಕ್ಷ್ಯದಿಂದ ಸಾವು. ಐದು ವರ್ಷದವರೆಗೆ ಶಿಕ್ಷೆ ಇದೆ, ಆದರೆ ಜಾಮೀನು ಸಿಗೋ ಕೇಸು, ತಿಥಿ ಕಳೆಯೋ ಮುಂಚೆ ಅವನು ಹೊರಗಿರ್ತಾನೆ. (2024ರ ಜುಲೈ 1ರ ಮೇಲಿನ ಘಟನೆಗೆ ಹಳೇ ಐಪಿಸಿಯ 304ಎ ಅಂತ ಬರೆಯೋದು ಬಿಡಿ, ಇನ್ನೂ ಬರೀತಿದ್ದಾರೆ.) ಬಹುತೇಕ ಗನ್‌ಮ್ಯಾನ್‌ಗಳು ತಮ್ಮದೇ ಲೈಸೆನ್ಸು, ತಮ್ಮದೇ ಬಂದೂಕು ತಂದು ದುಡಿಯೋರು. ಆತ್ಮರಕ್ಷಣೆಗೆ ಅಂತ ದೂರದ ರಾಜ್ಯದ ಜಿಲ್ಲಾಧಿಕಾರಿ ಕೊಟ್ಟ ಲೈಸೆನ್ಸ್ ಪುಸ್ತಕ ಇಲ್ಲಿ ಸಂಬಳಕ್ಕೆ ದುಡೀತಿರುತ್ತೆ. ಗನ್‌ಮ್ಯಾನ್‌ನ ಕಳಿಸೋ ಸೆಕ್ಯುರಿಟಿ ಏಜೆನ್ಸಿಯವರು ‘ಬಂದೂಕು ನಮ್ಮದಲ್ಲ’ ಅಂತಾರೆ. ಬ್ಯಾಂಕಿನವರು ‘ಆಳು ನಮ್ಮೋನಲ್ಲ’ ಅಂತಾರೆ. ಲೈಸೆನ್ಸ್ ನವೀಕರಣದ ಹೊತ್ತಿಗೆ ಬಂದೂಕು ತೋರಿಸಿರ್ತಾರೆ ನಿಜ, ಆಗ ನೋಡೋದು ನಂಬರ್ ತಾಳೆ ಆಗುತ್ತಾ ಅಂತ. ನಳಿಗೆಯ ಮೇಲಿನ ಪ್ರೂಫ್ ಮುದ್ರೆ ಹೇಳೋದು ನಳಿಗೆ ಒತ್ತಡ ತಡೆಯುತ್ತೆ ಅಂತ, ಅದೂ ತಯಾರಾದ ದಿನದ ಮಾತು. ಸಿಯರ್ ಸವೆದಿದೆಯಾ ಅಂತ ಪಕ್ಕದ ತಗಡು ಬಿಚ್ಚಿ ನೋಡೋದು ಯಾರ ಟಿಪ್ಪಣಿ ಹಾಳೆಯಲ್ಲೂ ಬರಲ್ಲ.

ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಾಕಿ ಕೇಳ್ತಾನೆ. 30 ದಿನಕ್ಕೆ ಉತ್ತರ: ಮೂರನೇ ವ್ಯಕ್ತಿಗೆ ಸಂಬಂಧಿಸಿದ ಮಾಹಿತಿ, ನೀಡಲು ಬರುವುದಿಲ್ಲ. ಮೇಲ್ಮನವಿ, ಮತ್ತೆ 30 ದಿನ. ಬಂದೂಕು ಮುದ್ದೆಮಾಲಾಗಿ, ಅಂದರೆ ಕೇಸಿನ ಜಪ್ತಿ ವಸ್ತುವಾಗಿ, ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿದೆ. ಬೀಳಿಸಿ ನೋಡಿದರೆ ಹಾರುತ್ತಾ ಇಲ್ಲವಾ ಅನ್ನೋ ಅವನ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಬರಬೇಕು. ವರದಿ ಬಂತಾ ಅಂತ ಠಾಣೆಗೆ ಹೋದಾಗಲೆಲ್ಲ ‘ಬಂದ್ರೆ ಹೇಳ್ತೀವಿ ಹೋಗಣ್ಣಾ’.

ಅವನ ಕೈಗೆ ಬಂದೂಕು ಬರೋದು ಹೇಗೆ? ನಾಡ ಪಿಸ್ತೂಲು ಕೊಂಡ ಅಂತ ಬರೀಬೇಡಿ, ಅದು ಎಲ್ಲರೂ ಹಿಡಿಯೋ ದಾರಿ. ಕಾಮಸಮುದ್ರದ ಕಡೆ ಹಳ್ಳಿಯಲ್ಲಿ ಅವನಪ್ಪನ ಹೊಲ, ಹಂದಿ ಕಾಟ, ತಮಿಳುನಾಡಿನ ಗಡಿ ದಾಟಿ ಬರೋ ಆನೆ. ಅಪ್ಪನ ಹೆಸರಿಗೆ ಒಂದು ಲೈಸೆನ್ಸು, ಒಂದು ಹಳೇ ಜೋಡುನಳಿಗೆ. ಅಪ್ಪ ಸತ್ತ. ಲೈಸೆನ್ಸು ಆಸ್ತಿಯ ಹಾಗೆ ಮಗನಿಗೆ ಇಳಿಯಲ್ಲ. ಆರ್ಮ್ಸ್ ಆಕ್ಟ್ 21ನೇ ಸೆಕ್ಷನ್ ಪ್ರಕಾರ, ಇಟ್ಟುಕೊಳ್ಳೋ ಹಕ್ಕು ತಪ್ಪಿದ ಮೇಲೆ ತಡಮಾಡದೆ ಠಾಣೆಗೋ ಲೈಸೆನ್ಸ್ ಇರೋ ಡೀಲರ್‌ಗೋ ಒಪ್ಪಿಸಬೇಕು, ವಾರಸುದಾರ ಹೊಸದಾಗಿ ಅರ್ಜಿ ಹಾಕಬೇಕು. ಲೈಸೆನ್ಸುದಾರನಿಗೆ 70 ತುಂಬಿದರೆ, ಇಲ್ಲಾ ಬಂದೂಕು ಇಟ್ಟುಕೊಂಡು 25 ವರ್ಷ ಆಗಿದ್ದರೆ, ಬದುಕಿರುವಾಗಲೇ ಮಗನ ಹೆಸರಿಗೆ ಕೇಳೋಕೆ 2016ರ ನಿಯಮಗಳಲ್ಲಿ ದಾರಿ ಇದೆ. ಹಳ್ಳಿಯಲ್ಲಿ ಅದನ್ನ ನೆನಪಿಟ್ಟು ಮಾಡೋರು ಯಾರು? ವೈಕುಂಠ ಸಮಾರಾಧನೆ ಮುಗಿದು ನೆಂಟರು ಹೊರಟ ಮೇಲೂ ಬಂದೂಕು ಧಾನ್ಯದ ಕೋಣೆಯಲ್ಲಿ ಗೋಣಿ ಸುತ್ತಿಕೊಂಡು ಇರುತ್ತೆ. ಕಥೆಯ ಆಯುಧ ಅದೇ: ಕದ್ದಿದ್ದಲ್ಲ, ಕೊಂಡಿದ್ದಲ್ಲ, ಒಪ್ಪಿಸದೆ ಉಳಿದದ್ದು. ಚುನಾವಣೆ ಬಂದಾಗ ಬಂದೂಕು ಠೇವಣಿ ಇಡಿ ಅಂತ ಠಾಣೆಯಿಂದ ಮನೆಗೆ ಹೇಳಿ ಕಳಿಸ್ತಾರೆ. ಸತ್ತವನ ಹೆಸರಿಗೆ ಬಂದ ಆ ಕರೆಯಿಂದಲೇ ಅವನಿಗೆ ಬಂದೂಕು ನೆನಪಾಯಿತು ಅಂತ ಮಾಡಿ.

ತೋಟಾ ಲೆಕ್ಕ ಕೈ ತಪ್ಪಬಾರದು. ಕೊಂಡ ಪ್ರತಿ ತೋಟಾ ಲೈಸೆನ್ಸ್ ಪುಸ್ತಕದಲ್ಲಿ ನಮೂದಾಗುತ್ತೆ, ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಅನ್ನೋ ಮಿತಿಯೂ ಅದರಲ್ಲೇ ಇರುತ್ತೆ. ಲೈಸೆನ್ಸು ಸತ್ತ ಮೇಲೆ ಹೊಸ ತೋಟಾ ಇಲ್ಲ. ಅಪ್ಪನ ಕಾಲದ್ದು ಐದು ಉಳಿದಿವೆ ಅಂದುಕೊಳ್ಳಿ, ರಟ್ಟಿನ ಕವಚದವು. ರಟ್ಟು ತೇವಕ್ಕೆ ಊದಿಕೊಳ್ಳುತ್ತೆ, ನಳಿಗೆಯೊಳಗೆ ಪೂರ್ತಿ ಕೂರಲ್ಲ, ಕೂತರೂ ಹಾರುತ್ತೆ ಅನ್ನೋ ಭರವಸೆ ಇಲ್ಲ. ಎರಡು ನಳಿಗೆಯಲ್ಲಿ ಎರಡು, ಅಂಗಿ ಜೇಬಲ್ಲಿ ಮೂರು. ಪ್ರೇಕ್ಷಕ ಎಣಿಸ್ತಾನೇ ಇರ್ತಾನೆ, ನೀವೂ ಎಣಿಸಿ. ಕೊನೆಗೆ ‘ಬಂದೂಕಿನಲ್ಲಿ ಗುಂಡೇ ಇರಲಿಲ್ಲ’ ಅನ್ನೋ ತಿರುವು ಮಾತ್ರ ಬೇಡ, ಅದು ಹಳಸಿ ವರ್ಷಗಳಾಯಿತು.

ಅದರ ಬದಲು ಹೀಗೆ ಮಾಡಿ. ಏಜೆನ್ಸಿ ಆಫೀಸಿನಲ್ಲಿ ಸಂಬಳದ ದಿನ ನಾಲ್ಕು ಜನರನ್ನ ಒಳಗೆ ಹಾಕಿಕೊಂಡು ಶಟರ್ ಎಳೆದಿದ್ದಾನೆ. ಆದರೆ ಬಂದೂಕನ್ನ ಯಾರ ಕಡೆಗೂ ತಿರುಗಿಸಿ ಹಿಡಿದಿಲ್ಲ. ಎರಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಡ್ಡ ಮಲಗಿಸಿದ್ದಾನೆ, ಬಾಯಿ ಗೋಡೆಯ ಕಡೆಗೆ, ಕೆಳಗೆ ಮಡಿಸಿದ ಗೋಣಿ. ಎದ್ದು ಓಡಾಡುವಾಗ ಕುರ್ಚಿಗೆ ಕಾಲು ತಗಲದ ಹಾಗೆ ಸುತ್ತು ಹಾಕ್ತಾನೆ. ಇದನ್ನ ಮೊದಲು ಗಮನಿಸೋದು ಒಳಗಿರೋ ಅಕೌಂಟ್ಸ್ ಹುಡುಗಿ. ಅವನು ಹಿಂದಿನ ರಾತ್ರಿ ಬಿಚ್ಚಿ ನೋಡಿದ್ದಾನೆ, ಇದರ ಸಿಯರ್ ಕೂಡ ಸವೆದಿದೆ ಅಂತ ಅವನಿಗೆ ಗೊತ್ತು. ಇಡೀ ಕಥೆಯಲ್ಲಿ ಬಂದೂಕು ಬಿಚ್ಚಿ ನೋಡಿದವನು ಅವನೊಬ್ಬನೇ.

ಹೊರಗಿನ ಪೊಲೀಸ್ ಲೆಕ್ಕಕ್ಕೆ ಬರೋಣ. ಕೆಜಿಎಫ್‌ಗೆ ಬೇರೆಯೇ ಎಸ್ಪಿ ಇದ್ದಾರೆ, ಜಿಲ್ಲಾಧಿಕಾರಿ ಕೂರೋದು ಸುಮಾರು 30 ಕಿ.ಮೀ. ದೂರದ ಕೋಲಾರದಲ್ಲಿ. 112ಕ್ಕೆ ಕರೆ ಹೋದರೆ ಮೊದಲು ಬರೋದು ಒಬ್ಬ ಎಎಸ್‌ಐ, ಒಂದು ಗಾಡಿ. ಇಂಥ ಕೆಲಸಕ್ಕೇ ಇರೋ ರಾಜ್ಯ ಪೊಲೀಸರ ಗರುಡ ಪಡೆ ಬೆಂಗಳೂರಿನ ಕೂಡ್ಲುವಿನಿಂದ ಹೊರಟು ಇಲ್ಲಿಗೆ ಮುಟ್ಟೋಕೆ ನೂರು ಕಿ.ಮೀ. ಹತ್ತಿರ, ಏನಿಲ್ಲ ಅಂದರೂ ಎರಡು ಗಂಟೆ. ಅಲ್ಲೀವರೆಗೆ ಬಾಗಿಲ ಹೊರಗೆ ನಿಂತು ಮಾತಾಡೋದು ಲೋಕಲ್ ಠಾಣೆಯವರೇ. ಮೊದಲ ಅರ್ಧ ಮುಕ್ಕಾಲು ಗಂಟೆ ಎಲ್ಲಕ್ಕಿಂತ ಅಪಾಯ, ಒಳಗಿನವನ ಎದೆ ಇನ್ನೂ ಹೊಡಕೊಳ್ತಾ ಇರುತ್ತೆ. ಇದೇ ಕಥೆ ತುಮಕೂರಿನಲ್ಲಾದರೆ ಪಡೆ ಬೇಗ ಮುಟ್ಟುತ್ತೆ, ನೆಲಮಂಗಲ ದಾಟಿಕೊಂಡರೆ. ಕೆಜಿಎಫ್ ಆರಿಸಿದ್ದರಿಂದ ನಿಮಗೆ ಎರಡು ಗಂಟೆ ಪುಕ್ಕಟೆ ಸಿಕ್ಕಿದೆ, ಹಾಳು ಮಾಡಬೇಡಿ.

ಮಾತಿನಿಂದ ಕಾಯೋ ಈ ವಿದ್ಯೆ ಶುರುವಾದ ಕಾಲದ ಒಂದು ಘಟನೆ ಬಂದೂಕು ಅಂಗಡಿಯದೇ. 1973ರ ಜನವರಿಯಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಂದೂಕು ಮಾರೋ ಅಂಗಡಿಯೊಂದನ್ನ ನಾಲ್ಕು ಜನ ದೋಚೋಕೆ ಹೋಗಿ ಒಳಗೇ ಸಿಕ್ಕಿಬಿದ್ದರು. ಒಬ್ಬ ಪೊಲೀಸ್ ಶುರುವಿನಲ್ಲೇ ಸತ್ತ. ಆದರೂ ಒಳಗೆ ನುಗ್ಗದೆ 47 ಗಂಟೆ ಕಾದರು, ಒತ್ತೆಯಾಳುಗಳು ಮಾಳಿಗೆ ಮೇಲಿಂದ ಪಾರಾದರು, ಕೊನೆಗೆ ನಾಲ್ವರೂ ಶರಣಾದರು. ನ್ಯೂಯಾರ್ಕ್ ಪೊಲೀಸಿನಲ್ಲಿದ್ದ ಹಾರ್ವಿ ಶ್ಲಾಸ್‌ಬರ್ಗ್, ಫ್ರಾಂಕ್ ಬೋಲ್ಜ್ ಕಟ್ಟಿದ ಪದ್ಧತಿಯನ್ನೇ ಆಮೇಲೆ ಎಲ್ಲರೂ ಹಿಡಿದರು. ಮಾತಾಡೋನು ಆಜ್ಞೆ ಕೊಡಬಾರದು, ಆಜ್ಞೆ ಕೊಡೋನು ಮಾತಾಡಬಾರದು. ಯಾಕಂದರೆ ಒಳಗಿನವನು ಏನಾದರೂ ಕೇಳಿದಾಗ ‘ಮೇಲಿನವರನ್ನ ಕೇಳಿ ಹೇಳ್ತೀನಿ’ ಅನ್ನೋಕೆ ಒಂದು ಮೇಲು ಇರಬೇಕು. ಎಸ್ಪಿಯೇ ಮೈಕು ಹಿಡಿದರೆ ಆ ದಾರಿ ಮುಚ್ಚಿತು. ನಮ್ಮ ಸಿನಿಮಾಗಳಲ್ಲಿ ಎಸ್ಪಿಯೇ ಹಿಡೀತಾನೆ. ಮಾತಾಡೋನ ಪಕ್ಕ ಇನ್ನೊಬ್ಬರು ಕೂತು ಕೇಳಿಸಿಕೊಳ್ತಾ ಚೀಟಿ ಬರೆದು ಕೊಡ್ತಿರಬೇಕು. ಏನು ಕೊಟ್ಟರೂ ಬದಲಿಗೆ ಏನಾದರೂ ಪಡೀಬೇಕು, ಊಟ ಕೊಟ್ಟರೆ ಒಬ್ಬರು ಹೊರಗೆ. ಅವನು ಗಡುವು ಹೇಳಿದರೆ ಗಡಿಯಾರ ನೆನಪಿಸಬಾರದು, ಮಾತಿನಲ್ಲೇ ಅದು ದಾಟಿ ಹೋಗಲಿ. ಹೆಂಡತಿಯನ್ನ ಕರೆತಂದು ಮೈಕು ಕೊಡೋದು ನೋಡೋಕೆ ಚೆನ್ನ, ನಿಜದಲ್ಲಿ ಬಲು ಅಪಾಯ: ಕೆಲವರು ಕೊನೆಯ ಮಾತು ಹೇಳೋದಕ್ಕೇ ಕಾಯ್ತಿರ್ತಾರೆ.

ಭಾಷೆಯನ್ನ ಯಾರೂ ಯೋಚಿಸಲ್ಲ. ಕೆಜಿಎಫ್‌ನಲ್ಲಿ ತಮಿಳು, ಸುತ್ತಲ ಹಳ್ಳಿಯಲ್ಲಿ ತೆಲುಗು, ಆಫೀಸಿನಲ್ಲಿ ಕನ್ನಡ. ಈ ಮನುಷ್ಯ ಕಾಗದವನ್ನ ಕನ್ನಡದಲ್ಲಿ ಬರೀತಾನೆ, ಜಗಳ ತಮಿಳಲ್ಲಿ ಆಡ್ತಾನೆ, ಮಗಳನ್ನ ಕರೆದದ್ದು ತೆಲುಗಿನಲ್ಲಿ. ಬಾಗಿಲ ಹೊರಗಿರೋಳು ಮುಳಬಾಗಿಲು ಕಡೆಯ ಒಬ್ಬ ಪಿಎಸ್‌ಐ ಅಂತಿಟ್ಟುಕೊಳ್ಳಿ, ಅವನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳು. ‘ನಿಮ್ಮ ನೋವು ನನಗೆ ಅರ್ಥವಾಗುತ್ತೆ’ ಅಂತ ಅವಳ ಬಾಯಲ್ಲಿ ಹಾಕಿದರೆ ಡಬ್ಬಿಂಗ್ ಸೀರಿಯಲ್ ಆಗುತ್ತೆ. ಹೀಗಿರಲಿ:

“ಅಣ್ಣಾ, ಎಷ್ಟು ದಿನ ಆಯ್ತು?”

“ಏನ್ ಎಷ್ಟು ದಿನ?”

“ಮಗಳು ಹೋಗಿ.”

(ತುಂಬಾ ಹೊತ್ತು ಮಾತಿಲ್ಲ.)

“ನೂರಾ ನಲವತ್ತೊಂದು.”

“ನೂರಾ ನಲವತ್ತೊಂದು ದಿನ.”

“ಠಾಣೆಗೆ ಹನ್ನೊಂದು ಸಲ ಬಂದಿದೀನಿ ಮೇಡಮ್. ಒಂದ್ ಕುರ್ಚಿ ಹಾಕಿಲ್ಲ ನಿಮ್ಮೋರು.”

“ಹನ್ನೊಂದು ಸಲ.”

ಅವನ ಕೊನೆಯ ಮಾತನ್ನೇ ತಿರುಗಿ ಹೇಳೋದು ಸಂಧಾನದ ಪಾಠ. ನಮ್ಮ ಹಳ್ಳಿ ಹೆಂಗಸರು ಸಾವಿನ ಮನೆಯಲ್ಲಿ ಪಾಠ ಇಲ್ಲದೇ ಮಾಡೋದೂ ಅದನ್ನೇ. ಸಲಹೆ ಬೇಡ, ಸಮಾಧಾನ ಬೇಡ. ಭರವಸೆ ಹುಟ್ಟಿತು ಅಂತ ತೋರಿಸೋಕೆ ಹಿನ್ನೆಲೆ ಸಂಗೀತವೂ ಬೇಡ. ಇಷ್ಟು ಹೊತ್ತು ‘ಮೇಡಮ್’ ಅಂತಿದ್ದವನು ಒಂದು ಕಡೆ ‘ನೋಡಮ್ಮಾ’ ಅಂದುಬಿಡಲಿ.

ಕೆಡೋದು ಎಲ್ಲಿ? ಟಿವಿಯಲ್ಲಿ. ಮುಂಬೈ ದಾಳಿಯ ನೆನಪಿನಲ್ಲಿ 2015ರಲ್ಲಿ ಕೇಬಲ್ ನಿಯಮಕ್ಕೆ ತಿದ್ದುಪಡಿ ಬಂತು, ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯ ನೇರಪ್ರಸಾರ ಕೂಡದು ಅಂತ. ಒಬ್ಬ ಫಿಟ್ಟರ್ ನಾಲ್ಕು ಜನರನ್ನ ಕೂಡಿಹಾಕಿದ್ದು ಭಯೋತ್ಪಾದನೆ ಅಲ್ಲ, ಹಾಗಾಗಿ ಚಾನೆಲ್ ವ್ಯಾನ್‌ಗಳು ಬೀದಿಯಲ್ಲೇ ಇರ್ತವೆ. ಏಜೆನ್ಸಿ ಆಫೀಸಿನ ಗೋಡೆಯ ಮೇಲೆ ಟಿವಿ ಇದೆ. ಇದು ಎಲ್ಲಿಗೆ ಹೋಗುತ್ತೆ ಅಂತ ತಿಳಿಯೋಕೆ 2010ರ ಆಗಸ್ಟ್ 23ರಂದು ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಆದದ್ದು ನೋಡಿ. ಕೆಲಸದಿಂದ ತೆಗೆದುಹಾಕಿದ್ದ ಪೊಲೀಸ್ ಅಧಿಕಾರಿ ರೊಲಾಂಡೊ ಮೆಂಡೋಜಾ ಪ್ರವಾಸಿ ಬಸ್ಸೊಂದನ್ನ ಹಿಡಿದ. ಅವನಿಗೂ ದುಡ್ಡು ಬೇಡ, ಕೆಲಸ ವಾಪಸ್ ಬೇಕು. ದಿನವೆಲ್ಲ ಕಾದು ಕೈಗೆ ಬಂದ ಪತ್ರದಲ್ಲಿ ‘ಕೇಸು ಮರುಪರಿಶೀಲಿಸ್ತೀವಿ’ ಅಂತ ಮಾತ್ರ ಇತ್ತು. ಅದನ್ನ ಕಸ ಅಂದ. ಆಮೇಲೆ ಬಸ್ಸಿನ ಟಿವಿಯಲ್ಲೇ ತನ್ನ ತಮ್ಮನನ್ನ ಪೊಲೀಸರು ಎಳೆದೊಯ್ಯೋದು ನೋಡಿದ. ಎಂಟು ಪ್ರವಾಸಿಗಳು ಸತ್ತರು, ಅವನೂ ಸತ್ತ. ಕಾಗದ ಕೇಳಿದವನಿಗೆ ಅರ್ಧ ಕಾಗದ ಕೊಡೋದು ಕೊಡದೇ ಇರೋದಕ್ಕಿಂತ ಕೆಟ್ಟದ್ದು. ನಿಮ್ಮ ಕಥೆಯಲ್ಲೂ ಕೋಲಾರದಿಂದ ಒಂದು ಫ್ಯಾಕ್ಸ್ ಬರಲಿ, ‘ಅಗತ್ಯ ಕ್ರಮ ಕೈಗೊಳ್ಳಲಾಗುವುದು’ ಅಂತ. ಪಿಎಸ್‌ಐ ಅದನ್ನ ಓದಿ ಒಳಗೆ ಕೊಡದೆ ಮಡಿಸಿ ಇಟ್ಟುಕೊಳ್ಳಲಿ.

ಅವಳು ಕೊಡಬಹುದಾದದ್ದು ಬೇರೆ ಇದೆ, ಸುಳ್ಳು ಹೇಳದೆಯೇ ಕೊಡಬಹುದು. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಸಂಹಿತೆ) 193ರ ಪ್ರಕಾರ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರನಿಗೆ, ನೊಂದವರಿಗೆ ಪೊಲೀಸರೇ ತಿಳಿಸಬೇಕು. 141 ದಿನ ಆಗಿದೆ, ತಿಳಿಸಿಲ್ಲ. ಚಾರ್ಜ್‌ಶೀಟ್ ಆದ ಮೇಲೆ ವಕೀಲರನ್ನ ಇಟ್ಟುಕೊಂಡ ನೊಂದವರಿಗೂ ಅದರ ಪ್ರತಿ ಸಿಗಬೇಕು ಅಂತ 230ನೇ ಸೆಕ್ಷನ್ ಹೇಳುತ್ತೆ, ಪ್ರಯೋಗಾಲಯದ ವರದಿ ಅಷ್ಟರಲ್ಲಿ ಬಂದಿದ್ದರೆ ಅದೂ ಜೊತೆಗೇ ಸಿಗುತ್ತೆ. ಅವನು ಆಳು ಹಿಡಿದು ಕೇಳ್ತಿರೋದು ಅವನಿಗೆ ಮೊದಲೇ ಸಲ್ಲಬೇಕಾಗಿದ್ದದ್ದು. ತಿರುವು ಬೇಕಾದರೆ ಇದು ತಿರುವು. ಅವನ ಮೇಲೀಗ ಬೀಳೋ ಸೆಕ್ಷನ್ ಬಿಎನ್‌ಎಸ್ 140(2): ಆಳು ಹಿಡಿದು ಸರ್ಕಾರವನ್ನೋ ಇನ್ಯಾರನ್ನೋ ಒಂದು ಕೆಲಸಕ್ಕೆ ಒತ್ತಾಯಿಸಿದರೆ ಜೀವಾವಧಿ, ಮರಣದಂಡನೆವರೆಗೂ ಹೋಗಬಹುದು. ಮಗಳನ್ನ ಕೊಂದದ್ದಕ್ಕೆ ಹೆಚ್ಚೆಂದರೆ ಐದು ವರ್ಷ. ಈ ಎರಡು ಅಂಕಿಯನ್ನ ಪಾತ್ರದ ಬಾಯಲ್ಲಿ ಹೇಳಿಸಬೇಡಿ, ವಕೀಲನೊಬ್ಬ ಬರೆದಿಟ್ಟ ಚೀಟಿಯಲ್ಲಿ ತೋರಿಸಿ.

ಚಿತ್ರೀಕರಣ ಮಾಡೋರಿಗೆ ನಾಲ್ಕು ಮಾತು. ನಿಜವಾದ ಬಂದೂಕು ಸೆಟ್ಟಿಗೆ ಬರಲೇಬಾರದು, ಮಾವನ ಲೈಸೆನ್ಸ್ ಇದ್ದರೂ ಸರಿ. 2021ರ ಅಕ್ಟೋಬರ್‌ನಲ್ಲಿ ನ್ಯೂ ಮೆಕ್ಸಿಕೊದ ಸೆಟ್ಟೊಂದರಲ್ಲಿ ರಿಹರ್ಸಲ್ ಹೊತ್ತಿಗೆ ಛಾಯಾಗ್ರಾಹಕಿಯೊಬ್ಬರು ಸತ್ತದ್ದು, ಖಾಲಿ ಅಂತ ಹೇಳಿ ಕೊಟ್ಟ ರಿವಾಲ್ವರಿನಲ್ಲಿ ಜೀವಂತ ತೋಟಾ ಇದ್ದದ್ದರಿಂದ. ಮರದಲ್ಲೋ ರಬ್ಬರಿನಲ್ಲೋ ಮಾಡಿಸಿ, ಬೆಂಕಿ ಹೊಗೆ ಎಡಿಟಿಂಗ್‌ನಲ್ಲಿ ಹಾಕಿ. ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಮುದ್ರೆ ತಗೊಳ್ಳಿ, ಬೈಕಿನಲ್ಲಿ ತೆರೆದು ಒಯ್ಯಬೇಡಿ, ಯಾರಾದರೂ 112ಕ್ಕೆ ಫೋನ್ ಮಾಡೇ ಮಾಡ್ತಾರೆ. ಶಬ್ದದ ವಿಷಯಕ್ಕೆ ಬಂದರೆ, ಮುಚ್ಚಿದ ಕೋಣೆಯಲ್ಲಿ 12 ಬೋರ್ ಹಾರಿದರೆ 150 ಡೆಸಿಬಲ್‌ಗೂ ಮೇಲೆ. ಆಮೇಲೆ ಒಳಗಿದ್ದವರಿಗೆ ಪಿಸುಮಾತು ಕೇಳಲ್ಲ, ಕಿವಿಯಲ್ಲಿ ಗುಂಯ್ ಅನ್ನುತ್ತೆ. ಗುಂಡು ಹಾರಿದ ತಕ್ಷಣ ಡೈಲಾಗ್ ಇಟ್ಟಿದ್ದರೆ ಕಿತ್ತುಹಾಕಿ.

ಇನ್ನು ಶರಣಾಗೋ ಸೀನು. ಮುಗೀತು ಅಂತ ಎಲ್ಲರೂ ಮೈ ಬಿಡೋ ಗಳಿಗೆ, ಅದಕ್ಕೇ ಮತ್ತೆ ಅಪಾಯ. ಒಂದೊಂದು ಹೆಜ್ಜೆಯನ್ನೂ ಮೊದಲೇ ಹೇಳಿರಬೇಕು: ಶಟರ್ ಎಷ್ಟು ಎತ್ತಬೇಕು, ಮೊದಲು ಯಾರು, ಕೈ ಎಲ್ಲಿರಬೇಕು, ಹೊರಗೆ ಯಾರು ಮುಟ್ಟುತ್ತಾರೆ. ಬಂದೂಕನ್ನ ಅವನು ಎತ್ತಿಕೊಂಡು ಬರಕೂಡದು. ನಳಿಗೆ ಮಡಚಿ, ತೋಟಾ ಎರಡೂ ತೆಗೆದು ಮೇಜಿನ ಮೇಲೆ ನಿಲ್ಲಿಸಿ, ಬರಿಗೈಯಲ್ಲಿ ಬರಬೇಕು. ಅವನು ಅದನ್ನ ಮಾಡೋದನ್ನ ಹತ್ತಿರದಿಂದ ತೋರಿಸಿ. ನಿಧಾನವಾಗಿ ಮಾಡ್ತಾನೆ, ಕೈ ನಡುಗಲ್ಲ. ಜೇಬಿನ ಮೂರನ್ನೂ ಪಕ್ಕಕ್ಕೆ ಸಾಲಾಗಿ ಇಡ್ತಾನೆ.

ಆಮೇಲೆ ಮಹಜರ್. 2024ರಿಂದ ಜಪ್ತಿಯನ್ನ ವಿಡಿಯೋ ಮಾಡೋದು ಕಡ್ಡಾಯ, ಒಬ್ಬ ಪೇದೆ ಮೊಬೈಲ್ ಹಿಡಿದು ನಿಂತಿರ್ತಾನೆ. ಎಎಸ್‌ಐ ಕುಕ್ಕರುಗಾಲಲ್ಲಿ ಕೂತು ಬರೀತಾನೆ: 12 ಬೋರ್ ಜೋಡುನಳಿಗೆ ಬಂದೂಕು ಒಂದು, ರಟ್ಟಿನ ಕವಚದ ತೋಟಾ ಐದು. ‘ತಯಾರಕರ ಹೆಸರು’ ಅನ್ನೋ ಕಡೆ ಪೆನ್ನು ನಿಲ್ಲುತ್ತೆ. ಬಂದೂಕನ್ನ ಕಿಟಕಿಯ ಬೆಳಕಿಗೆ ತಿರುಗಿಸಿ ನೋಡ್ತಾನೆ, ಬೆರಳಲ್ಲಿ ಒರೆಸಿ ನೋಡ್ತಾನೆ. ಬಾಗಿಲ ಹೊರಗೆ ನಿಂತಿರೋ ಫಿಟ್ಟರ್ ಅಲ್ಲಿಂದಲೇ ಹೇಳ್ತಾನೆ, “ಸವೆದು ಹೋಗಿದೆ ಸಾರ್, ನಾನೂ ನೋಡಿದೆ.”